ಮಗ ತಂದ ಸೀರೆ

ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಚಿಕ್ಕೋಡಿಯಿಂದ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ಅವರು ಓಡಾಡದ ರಸ್ತೆಯಿಲ್ಲ. ಯಾವ ಸ್ಟಾಪಿನಲ್ಲಿ ಎಷ್ಟು ಮಂದಿ ಇಳಿಯುತ್ತಾರೆ, ಯಾರ ಚೀಲದಲ್ಲಿ ಕೋಳಿ ಇದೆ, ಯಾರು ಚಿಲ್ಲರೆ ಇಟ್ಟುಕೊಂಡೂ ಇಲ್ಲ ಎನ್ನುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಮುಂದೆ ನಾನೂ ಇದೇ ಐದು ತಾಲೂಕಿನಲ್ಲಿ ಹೆಸರು ಮಾಡಿದೆ, ಬಸ್ಸು ಹತ್ತದೆ, ಮೊಬೈಲಿನೊಳಗೆ. ಅಪ್ಪನನ್ನು ಮಂದಿ ಕಂಡಕ್ಟರ್ ಸಾಹೇಬರು ಎನ್ನುತ್ತಿದ್ದರು, ನನ್ನನ್ನು ಸೀರಿ ಅಕ್ಕ ಎಂದರು. ಅವರ ಹೆಸರು ರಿಟೈರ್ ಆದ ಮೇಲೂ ಉಳಿದಿದೆ. ನನ್ನದು ಮೂರು ವರ್ಷ ಕೂಡ ಬಾಳಲಿಲ್ಲ.

ನಮ್ಮದು ಅಂಬೇಡ್ಕರರ ದಾರಿ ಹಿಡಿದು ಬೌದ್ಧರಾದವರ ಮನೆ. ಅಪ್ಪ ನೌಕರಿಗೆ ಸೇರಿದ ಹೊಸದರಲ್ಲಿ ಕೆಲವು ಊರಿನವರು ಅವರ ಅಂಗೈಗೆ ದುಡ್ಡು ಇಡುತ್ತಿರಲಿಲ್ಲವಂತೆ. ಬೆರಳು ತಾಗಬಾರದೆಂದು ಮೇಲಿನಿಂದ ಬಿಡುತ್ತಿದ್ದರು, ಇಲ್ಲವೇ ಸೀಟಿನ ಮೇಲಿಟ್ಟು ತಗೋ ಎನ್ನುತ್ತಿದ್ದರು. ಅಪ್ಪ ಜಗಳಕ್ಕೆ ಹೋಗಲಿಲ್ಲ. ಟಿಕೇಟು ಕೊಡುವಾಗ ಮಾತ್ರ ಅವರ ಕೈಯನ್ನೇ ಹಿಡಿದು, ಅಂಗೈ ಬಿಡಿಸಿ, ಟಿಕೇಟು ಇಟ್ಟು, ಬೆರಳು ಮಡಚಿ, ಕಳಕೋಬ್ಯಾಡ್ರಿ ಮುಂದ ಚೆಕಿಂಗ್ ಐತಿ ಅನ್ನುತ್ತಿದ್ದರು. ನಮಗೂ ಅದನ್ನೇ ಕಲಿಸಿದರು. ಬಾಗಿಲಿಗೆ ಬಂದವರಿಗೆ ಏನು ಕೊಟ್ಟರೂ ಮೆಟ್ಟಿಲಿಳಿದು ಕೈಗೆ ಕೊಡಬೇಕು. ಈ ಮಾತನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಮದುವೆಯಾದ ಮೇಲೂ ಚಿಕ್ಕೋಡಿಯ ಅಪ್ಪನ ಮನೆಯಲ್ಲೇ ಉಳಿದು ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ನೋಟು ಬಂದಾದ ಮರುವರ್ಷ ಇರಬೇಕು, ಎಲ್ಲರ ಕೈಗೂ ಅಗ್ಗದ ಇಂಟರ್‌ನೆಟ್ಟು ಬಂದಿತ್ತು. ಕ್ಲಾಸಿನ ಹುಡುಗಿಯರಿಗೆ ಒಂಬತ್ತು ಗಜದ ಸೀರೆ ಉಡುವುದನ್ನು ತೋರಿಸುವಾಗ ನನ್ನ ಗಂಡ ಸುಮ್ಮನೆ ಒಂದು ವಿಡಿಯೋ ಮಾಡಿ ಹಾಕಿದರು. ನಮ್ಮ ಕಡೆಯವರಂತೆ ನನ್ನ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. "ಹೀಂಗ ನಿರಿಗಿ ಹಿಡೀರಿ, ಆಣಿ ಮಗ ಹೀಂಗ ಕಚ್ಚಿ ಹಾಕ್ರಿ" ಎನ್ನುತ್ತಿದ್ದೆ. ಮರಾಠಿಯ ಆಣಿ ಮಗ ಅಂದರೆ ಆಮೇಲೆ ಅಂತ. ಗಡಿ ದಾಟದ ಕನ್ನಡದವರಿಗೆ ಅದೇನು ಗೊತ್ತು? ಅಕ್ಕಾ, ಸಾಲಿಗೊಮ್ಮೆ ಕರೆಯುತ್ತೀರಲ್ಲ, ನಿಮ್ಮ ಮಗ ಎಲ್ಲಿದ್ದಾನೆ, ತೋರಿಸಿ ಎಂದು ಕಮೆಂಟು ಹಾಕಿದರು. ಆಗಿನ್ನೂ ನನಗೆ ಮಕ್ಕಳೇ ಇರಲಿಲ್ಲ. ಆ ನಗೆಯಿಂದಲೇ ವಿಡಿಯೋ ಓಡಿತು.

ಆಮೇಲೆ ನಾನು ನೆಲದ ಮೇಲೆ ನಡೆಯಲಿಲ್ಲ. ರಾಯಬಾಗದಲ್ಲಿ ಬ್ಯೂಟಿ ಪಾರ್ಲರ್ ಉದ್ಘಾಟನೆ, ಕಾಗವಾಡದಲ್ಲಿ ಹಳದಿ ಕುಂಕುಮ, ಅಥಣಿಯ ಮದುವೆ ಮನೆಯಲ್ಲಿ ವಧುವಿಗಿಂತ ನನ್ನ ಜೊತೆಗೇ ಹೆಚ್ಚು ಸೆಲ್ಫಿ. ನಿಪ್ಪಾಣಿಯ ಒಂದು ಅಂಗಡಿಯವರು ಉಡುವುದಕ್ಕೆಂದು ಸೀರೆ ಕಳಿಸತೊಡಗಿದರು. ದೀಪಾವಳಿ ಬಂದಾಗ ಅವರೇ ಹೇಳಿದರು, ಬಡ ಮುದುಕಿಯರಿಗೆ ಒಂದೊಂದು ಸೀರೆ ಹಂಚಿ ವಿಡಿಯೋ ಮಾಡಿ, ಅಂಗಡಿಯ ಚೀಲ ಮಾತ್ರ ಸರಿಯಾಗಿ ಕಾಣಲಿ ಎಂದು. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರೆ. ನಾನು ಬಲಗೈಲಿ ಕೊಟ್ಟದ್ದು ಎಡಗೈಗಿರಲಿ, ಹೊಳೆಯಾಚೆಯ ಮಹಾರಾಷ್ಟ್ರಕ್ಕೂ ಗೊತ್ತಾಗುತ್ತಿತ್ತು.

ಹಾಗೆ ಹೋದದ್ದು ಬೋರಗಾಂವಕ್ಕೆ. ಪಾವರಲೂಮಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಒಬ್ಬ ವಯಸ್ಸಾದ ಹೆಂಗಸು ಇದ್ದಾರೆ, ಗಂಡ ಇಲ್ಲ ಎಂದು ಯಾರೋ ನೋಡುಗರು ತಿಳಿಸಿದ್ದರು. ನಮ್ಮ ಕಡೆ ಹಿರಿಯರನ್ನು ಕರೆಯುವಂತೆ ಅವರನ್ನು ಆಯಿ ಎಂದೇ ಕರೆದೆ. ಟೀವಿಯವರು ಬರುತ್ತಾರೆಂದು ಆಯಿ ಆವತ್ತಿನ ಕೆಲಸ ಬಿಟ್ಟಿದ್ದರು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡಿದ್ದರು. ಹಸಿರು ಸೀರೆ, ಕೆಂಪು ದಡಿ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಚಹಾ ಕುದಿಯುತ್ತಿತ್ತು, ತಟ್ಟೆಯಲ್ಲಿ ಬಿಸ್ಕೀಟು ಜೋಡಿಸಿಟ್ಟಿದ್ದರು. ಮನೆಗೆ ನೆಂಟರು ಬಂದ ಸಡಗರ ಅವರಿಗೆ.

"ಛಲೋ ಸೀರಿ ಉಟ್ಟೀರಿ" ಅಂದೆ, ಮಾತಿಗೆ.

"ನನ್ನ ಮಗ ತಂದಾನ್ರಿ. ಕಬ್ಬಿನ ಟ್ರ್ಯಾಕ್ಟರ್ ಹೊಡಿತಾನ, ಮೊದಲನೇ ಸೀಜನ್ನಿನ ಪಗಾರದಾಗ ತಂದ" ಅಂದರು. ಹೇಳುವಾಗ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನನಗೆ ಮುಟ್ಟಿ ನೋಡಲು ಕೊಟ್ಟರು. ನಾನು ಮುಟ್ಟಿ ನೋಡಿದೆ. ನಾನು ತಂದಿದ್ದಕ್ಕಿಂತ ಒಳ್ಳೆಯ ಬಟ್ಟೆ.

ನನ್ನ ಗಂಡ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ ನೋಡಿ, ತಲೆ ಅಲ್ಲಾಡಿಸಿದರು. ಇವರು ಬಡವರ ಹಾಗೆ ಕಾಣುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಷ್ಟು ಹೊತ್ತಿಗೆ ಈ ಕಸುಬಿನಲ್ಲಿ ನನಗೂ ಕಣ್ಣು ಪಳಗಿತ್ತು.

"ಆಯಿ, ಈ ಸೀರಿ ಬ್ಯಾಡ್ರಿ. ಹಳೇದು, ಹರದದ್ದು ಏನರ ಇದ್ರ ಉಟ್ಕೊಂಡ ಬರ್ರಿ" ಅಂದೆ.

ಆಯಿ ತಪ್ಪು ಕೇಳಿಸಿತೇನೋ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಹೂಂ ಅಂದು ಒಳಗೆ ಹೋದರು. ಅವರು ಸೀರೆ ಬದಲಿಸುವಷ್ಟರಲ್ಲಿ ನಾವು ಅವರದೇ ಕಟ್ಟೆಯ ಮೇಲೆ ಕೂತು ಅವರದೇ ಚಹಾ ಕುಡಿದೆವು. ಕೆಲಸಕ್ಕೆ ಹೋಗುವಾಗ ಉಡುವ ಕಂದು ಸೀರೆ ಉಟ್ಟು ಬಂದರು, ಮೊಣಕಾಲ ಹತ್ತಿರ ಹರಿದಿತ್ತು, ಹತ್ತಿಯ ದೂಳು ಮೆತ್ತಿತ್ತು. ಬಾಚಿದ ಕೂದಲನ್ನು ನಾನೇ ನನ್ನ ಕೈಯಾರೆ ಸ್ವಲ್ಪ ಕೆದರಿದೆ. ಇದನ್ನು ಬರೆಯುವಾಗ ಆ ಎಣ್ಣೆಯ ಜಿಡ್ಡು ಇನ್ನೂ ಬೆರಳಿನಲ್ಲಿದೆ ಅನ್ನಿಸುತ್ತದೆ.

ಒಂದೇ ಸಲಕ್ಕೆ ಸರಿ ಬರಲಿಲ್ಲ. ಕೊಟ್ಟ ಸೀರೆಯನ್ನು ವಾಪಸು ಇಸಿದುಕೊಂಡು, ಮಡಚಿ, ಚೀಲಕ್ಕೆ ಹಾಕಿ, ಮತ್ತೆ ಕೊಟ್ಟೆ. ಮತ್ತೆ ಇಸಿದುಕೊಂಡೆ. ಮೂರನೇ ಸಲ ಬೆಳಕಿಗೆಂದು ನಾನು ಕಟ್ಟೆಯ ಮೇಲೆ ನಿಂತೆ, ಆಯಿ ಕೆಳಗೆ ಅಂಗಳದಲ್ಲಿ ಬೊಗಸೆ ಹಿಡಿದು ನಿಂತರು. ಹೊಸ ಸೀರೆಯ ಸೆರಗು ಬಿಚ್ಚಿಕೊಳ್ಳುವ ಹಾಗೆ ಮೇಲಿನಿಂದ ಬಿಡು ಎಂದರು ನನ್ನ ಗಂಡ. ಬಿಟ್ಟೆ. ಚೆನ್ನಾಗಿ ಬಂತು.

ವಿಡಿಯೋದ ಮೇಲೆ 'ಹೆತ್ತ ಮಗ ಕೈಬಿಟ್ಟ ಆಯಿ' ಎಂದು ಬರೆದೆವು. ತಪ್ಪನ್ನು ನನ್ನ ಗಂಡನ ಮೇಲೆ ಹಾಕಬಹುದಿತ್ತು, ಆದರೆ ಟೈಪು ಮಾಡಿದ್ದು ನಾನೇ. ಮಗ ಇದ್ದಾನೆ, ಪಗಾರದಲ್ಲಿ ಸೀರೆ ತಂದಿದ್ದಾನೆ ಎಂದರೆ ಯಾರು ನೋಡುತ್ತಾರೆ? ಎಂದೂ ಇಲ್ಲದಷ್ಟು ಮಂದಿ ನೋಡಿದರು. ನೋಡಿದವರೆಲ್ಲ ಕಣ್ಣಿಗೆ ಕಾಣದ ಆ ಮಗನಿಗೆ ಹಿಡಿಶಾಪ ಹಾಕಿದರು. ಅಂಥವನ ಕೈಗೆ ಹುಳ ಬೀಳಲಿ ಎಂದವರ ಮಾತಿಗೂ ನಾನು ಕೆಂಪು ಹೃದಯ ಒತ್ತಿದೆ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ನೋಡಿದರು.

"ಸೀರಿ ಮ್ಯಾಲಿಂದ ಬಿಟ್ಟಿ" ಅಂದರು.

ಮೊಬೈಲನ್ನು ಟೇಬಲ್ಲಿನ ಮೇಲಿಡದೆ ನನ್ನ ಕೈಗೇ ಕೊಟ್ಟು ಎದ್ದು ಹೋದರು. ನನಗೆ ಸಿಟ್ಟು ಬಂತು. ಬೆಳಕು, ಆ್ಯಂಗಲ್ಲು ಇವರಿಗೆ ಏನು ತಿಳಿಯುತ್ತದೆ, ಜೀವಮಾನವಿಡೀ ಟಿಕೇಟು ಹರಿದವರಿಗೆ ಎಂದು ಅವರಿಗೆ ಕೇಳುವ ಹಾಗೇ ಅಂದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಯಿ ನಮ್ಮ ಬಾಗಿಲಿಗೆ ಬಂದರು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸೀರಿ ಅಕ್ಕನ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುವ ಕಾಲ ಅದು. ಹಸಿರು ಸೀರೆಯನ್ನೇ ಉಟ್ಟಿದ್ದರು. ಕೈಯಲ್ಲಿ ಅಂಗಡಿಯ ಚೀಲ, ಅದರಲ್ಲಿ ನಾನು ಕೊಟ್ಟ ಸೀರೆ, ಒಮ್ಮೆಯೂ ಉಟ್ಟಿರಲಿಲ್ಲ. ಅಪ್ಪ ಎದ್ದು ನೀರು ಕೊಟ್ಟರು. ಆಯಿ ನಿಧಾನವಾಗಿ ಹೇಳಿದರು. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನ ಸಾಲಿನಲ್ಲಿ ಉಳಿದ ಡ್ರೈವರುಗಳು ಮಗನಿಗೆ ಆ ವಿಡಿಯೋ ತೋರಿಸಿ ನಕ್ಕಿದ್ದಾರೆ. ಅವನು ಮನೆಗೆ ಬಂದು, ನಾ ತಂದ ಸೀರಿ ಎಲ್ಲಿ ಹೋಗಿತ್ತು ಎಂದು ಒಂದೇ ಮಾತು ಕೇಳಿದ್ದಾನೆ. ಆವತ್ತಿನಿಂದ ಅದೇ ಮನೆಯಲ್ಲಿ ಉಂಡು ಮಲಗಿ ಎದ್ದು ಹೋಗುತ್ತಾನೆ, ತಾಯಿಯ ಜೊತೆ ಮಾತಿಲ್ಲ.

ಹರಿದದ್ದನ್ನು ಉಡಿಸಿದ್ದು ನಾನೇ ಎಂದು ಮಗನಿಗೆ ಹೇಳಬಾರದಿತ್ತೇ ಎಂದು ಕೇಳಿದೆ.

"ಏನಂತ ಹೇಳ್ಲಿ?" ಅಂದರು. "ಯಾರೋ ಅಂದ್ರಂತ ನಿನ್ನ ಸೀರಿ ಬಿಚ್ಚಿಟ್ಟೆ ಅಂತ ಹೇಳ್ಲೇನು? ನನಗೂ ನಾಚಿಕಿ ಐತಿ. ನೀನ ಒಂದ ಮಾತ ಹೇಳವ್ವಾ, ನನ್ನ ಮಗ ನನ್ನ ಬಿಟ್ಟಿಲ್ಲ ಅಂತ. ನೀ ಹೇಳಿದ್ರ ಎಲ್ಲಾರೂ ಕೇಳ್ತಾರ."

ಹೇಳುತ್ತೇನೆ, ಈ ವಾರವೇ ಹೇಳುತ್ತೇನೆ ಅಂದೆ. ಆಯಿ ಚೀಲವನ್ನು ನನ್ನ ಕೈಗಿಟ್ಟು ಹೋದರು.

ಆ ವಾರ ಅಥಣಿಯಲ್ಲಿ ಕಾರ್ಯಕ್ರಮ ಇತ್ತು. ಮರುವಾರ ಇನ್ನೊಂದು. ನಿಜ ಹೇಳಿದರೆ ಅಂಗಡಿಯವರು ಏನನ್ನುತ್ತಾರೆ, ಉಳಿದ ಮುದುಕಿಯರ ಕತೆಯನ್ನೂ ಮಂದಿ ಕೆದಕಿದರೆ ಏನು ಗತಿ ಎಂದು ಹೆದರಿದೆ. ಆಗಲೂ ನನಗಿದ್ದದ್ದು ನನ್ನದೇ ಚಿಂತೆ. ಕೊನೆಗೊಂದು ದಿನ ಸದ್ದಿಲ್ಲದೆ ವಿಡಿಯೋ ಅಳಿಸಿಹಾಕಿ, ತೊಳೆದುಕೊಂಡೆ ಅಂದುಕೊಂಡೆ. ಅಷ್ಟರಲ್ಲಿ ಬೇರೆಯವರು ಅದನ್ನು ಕದ್ದು, ಕೆಳಗೆ ಅಳುವ ಸಂಗೀತ ಸೇರಿಸಿ, ತಮ್ಮ ತಮ್ಮ ಚಾನೆಲ್ಲಿನಲ್ಲಿ ಓಡಿಸುತ್ತಿದ್ದರು.

ಹೇಳಿದಿಯಾ ಎಂದು ಅಪ್ಪ ಕೇಳಿದರು. ಅಳಿಸಿದೆ ಎಂದೆ. ಅವರು ಕನ್ನಡಕ ಏರಿಸಿ ನನ್ನ ಮುಖವನ್ನೇ ನೋಡಿದರು. ಆ ನೋಟ ತಾಳಲಾರದೆ ಒಂದು ಸುಳ್ಳು ಕಟ್ಟಿದೆ, ಗಡಿಯವರು ಮಾತ್ರ ಹೇಳಬಹುದಾದ ಸುಳ್ಳು. ಆಯಿ ಮಗ ತಂದಾನ ಅಂದಾಗ ಆ ಮಗ ನನಗೆ ಮರಾಠಿಯ ಮಗ ಎಂದು ಕೇಳಿಸಿತು, ಆಮೇಲೆ ತಂದದ್ದು ಅಂತಿದ್ದಾರೆ ಅಂದುಕೊಂಡೆ, ಮಗ ಇದ್ದಾನೆಂದೇ ಗೊತ್ತಾಗಲಿಲ್ಲ ಎಂದೆ.

ಮೂವತ್ತು ವರ್ಷ ಎರಡೂ ಭಾಷೆಯಲ್ಲಿ ಸ್ಟಾಪಿನ ಹೆಸರು ಕೂಗಿದ ಮನುಷ್ಯ ಅವರು.

"ತಂದಾನ ಅನ್ನೂದೂ ಮರಾಠೀನ?" ಎಂದು ಕೇಳಿದರು.

ಎದ್ದು ಹೋಗುವಾಗ, ಬೋರಗಾಂವಕ್ಕೆ ಬೆಳಿಗ್ಗೆ ಹತ್ತೂವರೆಗೆ ಬಸ್ಸಿದೆ ಎಂದಷ್ಟೇ ಹೇಳಿದರು.

ಮರುದಿನ ಒಬ್ಬಳೇ ಹೋದೆ. ನನ್ನ ಬುದ್ಧಿ ನೋಡಿ, ಕ್ಷಮೆ ಕೇಳುವ ವಿಡಿಯೋಕ್ಕೆ ಒಪ್ಪುತ್ತದೆಂದು ತಿಳಿ ಬಣ್ಣದ ಸಾದಾ ಸೀರೆ ಆರಿಸಿ ಉಟ್ಟಿದ್ದೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಉರುಹೊಡೆದೆ, ಎಲ್ಲಿ ದನಿ ನಡುಗಬೇಕು ಎನ್ನುವುದನ್ನೂ. ನಾಯಿಯ ಬಾಲ ನಳಿಕೆಗೆ ಹಾಕಿದರೂ ಡೊಂಕೇ.

ಕಬ್ಬಿನ ಸೀಜನ್ನು ಮುಗಿದಿತ್ತು. ಮಗ ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚಿಕೊಂಡು ಕೂತಿದ್ದ. ಮೈತುಂಬ ಗ್ರೀಸು, ನನಗಿಂತ ಚಿಕ್ಕವನು. ನನ್ನ ಗುರುತು ಹಿಡಿದು ಮತ್ತೆ ಗಾಲಿಯ ಕಡೆ ತಿರುಗಿದ. ಆಯಿ ಕಟ್ಟೆಯ ಮೇಲಿದ್ದರು, ಆವತ್ತೂ ಹಸಿರು ಸೀರೆ. ಅದನ್ನು ಅವರು ಈಗ ದಿನವೂ ಉಡುತ್ತಿದ್ದರೆಂದು ಬಣ್ಣ ಮಾಸಿದ್ದು ನೋಡಿದರೇ ತಿಳಿಯುತ್ತಿತ್ತು. ನಾನು ಮೊಬೈಲು ತೆಗೆದು, ಆಯಿ, ಇನ್ನೊಮ್ಮೆ ಶೂಟಿಂಗ್ ಮಾಡೋಣ, ಈ ಸಲ ಇದ್ದದ್ದು ಇದ್ದಂಗೆ ಹೇಳುತ್ತೇನೆ ಅಂದೆ.

ಆಯಿ ಕೂಡಲೇ ಎದ್ದರು. ಚುಚ್ಚುವುದಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

"ಹರದದ್ದು ಉಟ್ಕೊಂಡ ಬರ್ಲೇನವ್ವಾ?"

ಮಗ ನಟ್ಟು ತಿರುವುತ್ತಿದ್ದ ಪಾನಾ ನಿಂತಿತು. ಎದ್ದು ನನ್ನ ಹತ್ತಿರ ಬಂದ.

"ನೀವ ಹೇಳಿದ್ರೇನ್ರಿ ಹರದದ್ದು ಉಡಾಕ?"

ಉರುಹೊಡೆದ ಮಾತು ಒಂದೂ ಬಾಯಿಗೆ ಬರಲಿಲ್ಲ. ಮೊಬೈಲು ಕೈಯಲ್ಲೇ ಇತ್ತು, ಆನ್ ಮಾಡಿರಲಿಲ್ಲ.

"ಹೌದ್ರಿ" ಅಂದೆ. "ನೀವ ತಂದದ್ದಂತ ಅವರು ಹೇಳಿದ್ರು. ನಾ ಕೇಳಿದ್ದೆ. ಕೇಳಿಯೇ ಬಿಚ್ಚಿಸಿದೆ."

ಅವನು ಬಯ್ಯುತ್ತಾನೆಂದು ಕಾದೆ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ನನ್ನನ್ನು ಬಿಟ್ಟು ತಾಯಿಯನ್ನು ನೋಡಿದ, ಅವರ ಮಾಸಿದ ಸೆರಗನ್ನು ನೋಡಿದ. ಅರಿವೆಯಿಂದ ಕೈ ಒರೆಸಿಕೊಂಡ.

"ಅವ್ವಾ, ಚಾ ಇಡು" ಅಂದ.

ಆಯಿ ಒಳಗೆ ಓಡಿದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಒಳಗೆ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು. ಅವನೂ ಹೋದ. ಸ್ವಲ್ಪ ಹೊತ್ತು ತಾಯಿ ಮಗನ ಸಣ್ಣ ದನಿಯ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯಲಿಲ್ಲ, ತಿಳಿಯುವ ಹಕ್ಕೂ ನನಗಿರಲಿಲ್ಲ.

ಮೂರು ಲೋಟ ಚಹಾ ಅವನೇ ತಂದ. ಒಂದನ್ನು ತಾಯಿಯ ಕೈಗೆ ಕೊಟ್ಟ. ಕಟ್ಟೆಯ ತುದಿಯಲ್ಲಿ ಕೂತಿದ್ದ ನಾನು ಕೈ ಚಾಚಿದ್ದೆ. ನನ್ನ ಲೋಟವನ್ನು ನನ್ನಿಂದ ಒಂದು ಮಾರು ದೂರ ಕಟ್ಟೆಯ ಮೇಲಿಟ್ಟು, ತಗೋರಿ ಎಂದು ಹೋಗಿ ಗಾಲಿಯ ಹತ್ತಿರ ಕೂತ. ಅಪ್ಪನ ಮುಂದೆ ಸೀಟಿನ ಮೇಲೆ ದುಡ್ಡಿಟ್ಟವರದು ತಪ್ಪು. ಇವನದು ತಪ್ಪಲ್ಲ. ಚಾಚಿದ ಕೈಯನ್ನು ಮಡಚಿಕೊಂಡು, ಎದ್ದು ಹೋಗಿ ಲೋಟ ಎತ್ತಿಕೊಂಡು ಕುಡಿದೆ.