ಜಬಲ್ ಅಖ್ದರಿನ ಚಳಿಯಲ್ಲಿ ಕಿತ್ತ ಫ್ಯೂಸ್

ಹಮೀದಾಕ, ನಿಮ್ಮ ಲಾರಿಯ ಹೀಟರ್ ಫ್ಯೂಸ್ ಕಿತ್ತವನು ನಾನು. ಚಳಿಗೆ ಎಂಜಿನ್ ಸ್ಟಾರ್ಟ್ ಆಗದೆ ನೀವು ಅದರ ಅಡಿಯಲ್ಲಿ ಬೆಂಕಿ ಹಾಕಿದಿರಿ, ಬಲಗೈ ಸುಟ್ಟುಕೊಂಡಿರಿ, ಕೆಲಸ ಹೋಗಿ ಊರು ಸೇರಿದಿರಿ — ಅದೆಲ್ಲ ಶುರುವಾದದ್ದು ನನ್ನಿಂದ.

ಸಿಟ್ಟಿನಲ್ಲಿ ಮಾಡಿದೆ. ಆ ಸಿಟ್ಟು ಇನ್ನೂ ಆರಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ.

ಬಂಟ್ವಾಳದಲ್ಲಿ ನೀವು ನಮ್ಮ ಪಕ್ಕದ ಮನೆಯವರು. ನನ್ನನ್ನು ಒಮಾನಿಗೆ ಕರೆಸಿದವರೂ ನೀವೇ. ಜಬಲ್ ಅಖ್ದರ್ ಬೆಟ್ಟದ ಮೇಲಿನ ರಸ್ತೆ ಕೆಲಸದ ಕ್ಯಾಂಪಿನಲ್ಲಿ ನಾನು ಮೆಕ್ಯಾನಿಕ್, ನೀವು ಕೆಳಗಿನ ಬರ್ಕಾ ಪಟ್ಟಣದಿಂದ ಸಾಮಾನು ತರುವ ಡ್ರೈವರ್. ಕ್ಯಾಂಪಿನಲ್ಲಿ ಫೋನ್ ಇರಲಿಲ್ಲ, ಊರಿನ ಸುದ್ದಿ ನಿಮ್ಮ ಮೂಲಕವೇ ಬರಬೇಕಿತ್ತು. ಜನವರಿಯಲ್ಲಿ ಅಲ್ಲಿ ಬಕೆಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತಿತ್ತು. ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಹೀಟರ್ ಬಿಸಿ ಮಾಡಿಕೊಟ್ಟರೆ ಮಾತ್ರ ಬೆಳಿಗ್ಗೆ ಡೀಸೆಲ್ ಹೊತ್ತಿಕೊಳ್ಳುತ್ತಿತ್ತು.

ಆ ಸಲ ನೀವು ಬಂದು ಇಡೀ ದಿನ ನನ್ನ ಜೊತೆಗಿದ್ದಿರಿ. ಬ್ರೇಕ್ ರಿಪೇರಿ ಮಾಡಿಸಿದಿರಿ, ಒಂದೇ ತಟ್ಟೆಯಲ್ಲಿ ಉಂಡಿರಿ. ಸಂಜೆ ನಾನು ಕೈಯ ಗ್ರೀಸ್ ತೊಳೆಯುತ್ತಿದ್ದಾಗ ಹೇಳಿದಿರಿ:

"ಅಶ್ರಫ್, ನಿನ್ನ ಉಮ್ಮ ತೀರಿ ಹೋದ್ರು. ಮೊನ್ನೆಯೇ ಫೋನ್ ಬಂದಿತ್ತು."

"ಮೊನ್ನೆಯಾ? ಈಗ ಹೇಳುವುದಾ ನೀವು?"

"ಅವತ್ತೇ ದಫನ್ ಆಯ್ತಲ್ಲ. ನಿನಗೆ ಹೋಗಿ ಮುಟ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ. ಬ್ರೇಕ್ ಕೆಲಸ ಒಂದು ಮುಗೀಲಿ ಅಂತ…"

ಬ್ರೇಕ್ ಕೆಲಸ! ನನ್ನ ತಾಯಿ ಮಣ್ಣು ಸೇರಿದ್ದಳು. ನಾನು ನಿಮ್ಮ ಲಾರಿಯ ಅಡಿಯಲ್ಲಿ ಮಲಗಿ ನಿಮ್ಮ ತಮಾಷೆಗೆ ನಗುತ್ತಿದ್ದೆ. ಎಲ್ಲ ಗೊತ್ತಿದ್ದೂ ನನ್ನನ್ನು ನಗಿಸಿದಿರಲ್ಲ — ಅದನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ.

ನೀವು ನಮಾಜಿಗೆ ಹೋದಾಗ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಬೆಳಿಗ್ಗೆ ನೀವು ಪರದಾಡಬೇಕು, ನನ್ನೆದುರು ಬಂದು ಅಂಗಲಾಚಬೇಕು — ಅಷ್ಟೇ ನನಗೆ ಬೇಕಿತ್ತು.

ಅಂಗಲಾಚಿದಿರಿ ಕೂಡ. ಎಂಜಿನ್ ತಿರುಗಿತು, ಬಿಳಿ ಹೊಗೆ ಕಾರಿತು, ನಿಂತಿತು. ಮತ್ತೆ ಹಾಗೆಯೇ. ಬ್ಯಾಟರಿ ಸೊರಗುತ್ತ ಬಂತು. ನನ್ನ ಕೋಣೆಯ ಬಾಗಿಲು ಬಡಿದು, "ಅಶ್ರಫ್, ಒಮ್ಮೆ ಬಂದು ನೋಡು ಮೋನೆ" ಎಂದಿರಿ. ಮೋನೆ — ಮಗನೇ ಎಂದು!

"ನೀವೇ ನೋಡಿಕೊಳ್ಳಿ" ಎಂದು ಕಂಬಳಿ ಎಳೆದುಕೊಂಡೆ.

ಡೀಸೆಲಿನಲ್ಲಿ ಅದ್ದಿದ ಬಟ್ಟೆಯನ್ನು ಡಬ್ಬದಲ್ಲಿ ಹೊತ್ತಿಸಿ ನೀವು ಎಂಜಿನ್ ಅಡಿಗೆ ತಳ್ಳಿದಿರಿ. ಸೋರಿದ್ದ ಆಯಿಲಿಗೆ ಬೆಂಕಿ ತಗುಲಿತು. ನಿಮ್ಮ ಕೂಗು ಕೇಳಿ ಓಡಿ ಬಂದೆ. ಉರಿಯುತ್ತಿದ್ದ ತೋಳನ್ನು ಕಂಬಳಿಯಲ್ಲಿ ಸುತ್ತಿ ಅದುಮಿದೆ. ಉಳಿದವರು ಮಣ್ಣು ಎರಚಿ ಲಾರಿಯ ಬೆಂಕಿ ಆರಿಸಿದರು. ಆಮೇಲೆ, ನಿಮ್ಮನ್ನು ಆಸ್ಪತ್ರೆಗೆ ಒಯ್ಯುವ ಗದ್ದಲದಲ್ಲಿ — ಫ್ಯೂಸನ್ನು ಮರಳಿ ಸಿಕ್ಕಿಸಿದೆ. ಎಂಥ ನೀಚ ನಾನು!

ನಮ್ಮ ಮ್ಯಾನೇಜರ್ ಮೈಸೂರಿನ ಕಡೆಯವರು, ಕನ್ನಡದಲ್ಲೇ ಕೇಳಿದರು: "ಹೀಟರ್ ಕೆಲಸ ಮಾಡ್ತಿತ್ತೇನ್ರೀ?"

"ಸರಿ ಇತ್ತು ಸರ್."

"ಹಂಗಾದ್ರೆ ಡ್ರೈವರ್‌ದೇ ತಪ್ಪು. ಖಲಾಸ್."

ಆ ಮನುಷ್ಯ ಲಾರಿಯತ್ತ ಒಮ್ಮೆ ಬಗ್ಗಿ ನೋಡಲೂ ಇಲ್ಲ. ಅವರ ಮೇಲೂ ನನಗೆ ಮೈ ಉರಿಯುತ್ತದೆ. ಆದರೆ ಸುಳ್ಳು ಹೇಳಿದ ಬಾಯಿ ನನ್ನದು.

ನಿಮ್ಮ ಬೆರಳುಗಳು ಇನ್ನೂ ನೆಟ್ಟಗಾಗುವುದಿಲ್ಲವಂತೆ. ಅನ್ನ ಕಲಸಲೂ ಕಷ್ಟವಂತೆ. ಆದರೂ ಪ್ರತಿ ಈದಿಗೆ ಫೋನ್ ಮಾಡಿ, "ನೀನಿಲ್ಲದಿದ್ರೆ ಅವತ್ತು ನಾನು ಸುಟ್ಟೇ ಹೋಗ್ತಿದ್ದೆ" ಎನ್ನುತ್ತೀರಿ. ಸಾಕು ಹಮೀದಾಕ! ಆ ಮಾತು ಕೇಳಿದಾಗಲೆಲ್ಲ ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸುತ್ತದೆ.

ಉಮ್ಮನ ವಿಷಯ ಬೇರೆ. ಅದನ್ನು ಇದರ ಜೊತೆ ತೂಗಿ ನೋಡುವುದಿಲ್ಲ. ರಜೆಗೆ ಬರುತ್ತಿದ್ದೇನೆ. ನನ್ನ ಮನೆಗೆ ಹೋಗುವ ಮೊದಲು ನಿಮ್ಮಲ್ಲಿಗೆ ಬಂದು, ನಿಮ್ಮ ಹೆಂಡತಿ ಮಕ್ಕಳೆದುರು ಇದಿಷ್ಟನ್ನೂ ಹೇಳುತ್ತೇನೆ. ಕೇಳಲಾರದೆ ಒಳಗೆ ಚಿಲಕ ಹಾಕಿಕೊಂಡರೆ ಹಾಕಿಕೊಳ್ಳಿ. ಅಂಗಳದಲ್ಲಿ ನಿಂತೇ ಹೇಳುತ್ತೇನೆ — ನೆರೆಯವರೂ ಕೇಳಲಿ.