ಜಗಳ ಬರೆಯಲು ಹೊರಟ ಎರಡು ದಿನ

ರಾಮನಗರದ ಬಸ್ ನಿಲ್ದಾಣದಲ್ಲಿ ಮಾಗಡಿ ಬಸ್ಸು ಹತ್ತಿದಾಗ ಬೆಳಿಗ್ಗೆ ಆರೂಮುಕ್ಕಾಲು. ಟಿಕೆಟ್ ಹದಿನಾಲ್ಕು ರೂಪಾಯಿ. ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಅರ್ಜಿ ಇತ್ತು. ಸೀಟಿನ ಆ ತುದಿಯಲ್ಲಿ ಪುಟ್ಟತಾಯಮ್ಮ ಕೂತಿದ್ದರು, ನಡುವೆ ಅವರ ಎಲೆಯಡಿಕೆ ಚೀಲ. ಅವರು ಕೆಳಗಿನ ಊರಿನವರು, ನಾನು ಮೇಲಿನ ಊರಿನವನು. ಎರಡೂ ಊರು ಬಿಡದಿ ಕೈಗಾರಿಕಾ ಪ್ರದೇಶದ ಬೇಲಿಗೆ ಅಂಟಿಕೊಂಡಿವೆ. ಊರುಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಾಯಿಸಿದ್ದೇನೆ. ಕಾರಣ ಓದುತ್ತಾ ತಿಳಿಯುತ್ತದೆ.

"ಏನಣ್ಣ, ಹಸಿ ಮಡಕೆ ಹಿಡ್ಕಂಡಂಗೆ ಹಿಡ್ಕಂಡಿದ್ದೀಯ ಆ ಕವರ್ನ. ಒಡೆದೋಗಕಿಲ್ಲ, ಒಸಿ ಸಡಿಲ ಬುಡು," ಎಂದರು ತಾಯಮ್ಮ.

ನಾನು ಬೋರ್‌ವೆಲ್ ಮೋಟರ್ ಎತ್ತುವವನು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ ರಾಮನಗರದಲ್ಲಿ ನನ್ನದೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅದಕ್ಕೆ ನಾಚಿಕೆ ಪಟ್ಟವನಲ್ಲ. ಎರಡೂ ಊರಿನಲ್ಲಿ ನಾನು ಪೈಪು ಎಳೆಯದ ಹೊಲ ಇಲ್ಲ. ಆದ್ದರಿಂದಲೇ ಶಾಂತಿ ಸಮಿತಿ ಮಾಡಿದಾಗ ನಮ್ಮ ಕಡೆಯಿಂದ ನನ್ನನ್ನು ಆರಿಸಿದರು, ಅವರ ಕಡೆಯಿಂದ ಸ್ತ್ರೀಶಕ್ತಿ ಸಂಘದ ತಾಯಮ್ಮನವರನ್ನು.

ಗಲಾಟೆ ಹುಟ್ಟಿದ್ದು ಕಾರ್ಖಾನೆಯ ಗೇಟಿನ ಮುಂದೆ. ಮೊದಲು ಜಮೀನು ಹೋದದ್ದು ನಮ್ಮದು, ಕೆಲಸ ಮೊದಲು ನಮಗೆ ಎಂದು ನಮ್ಮವರ ವಾದ. ಹೊಲಸು ನೀರು ಹರಿಯುವುದು ನಮ್ಮ ಕಡೆಗೆ, ಕೆಲಸವೂ ನಮಗೇ ಎಂದು ಅವರ ವಾದ. ಗುತ್ತಿಗೆದಾರ ಆಳು ಆರಿಸುವ ಒಂದು ಬೆಳಿಗ್ಗೆ ಕಲ್ಲು ಹಾರಿದವು. ಅವರ ಕಡೆಯ ಸಿದ್ದರಾಜು ಒಂದು ಕಣ್ಣು ಕಳೆದುಕೊಂಡ. ಆ ಕಲ್ಲು ಎಸೆದವನು ನನ್ನ ತಮ್ಮ ಕುಮಾರ. ಅವನು ಅಂದೇ ಸಂಜೆ ನನ್ನ ಹತ್ತಿರ ಒಪ್ಪಿಕೊಂಡಿದ್ದ. ಆದರೆ ಎಲ್ಲಿಯೂ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆಮೇಲೆ ತಿಪ್ಪಸಂದ್ರದ ಕಡೆಯ ಒಬ್ಬ ಯಜಮಾನರು ಬಂದು ರಾಜಿ ಮಾಡಿಸಿದರು. ಎರಡೂ ಊರಿಗೆ ಹೆಣ್ಣು ಕೊಟ್ಟ ಮನೆ ಅವರದು, ಅವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ನಮ್ಮ ಕಡೆ ರಾಜಿಗೆ ಒಂದು ಕಟ್ಟುಪಾಡು ಇದೆ. ಎರಡು ಕಡೆಯವರೂ ಒಂದೇ ತಟ್ಟೆಯ ಎಲೆಯಡಿಕೆ ಹಾಕಿಕೊಂಡ ಮೇಲೆ ಆ ಜಗಳದ ಮಾತನ್ನು ಮತ್ತೆ ಎತ್ತಬಾರದು. ಯಾರು ಯಾರಿಗೆ ಏನು ಮಾಡಿದರು ಎಂದು ಹೆಸರು ಹಿಡಿದು ಹೇಳಿದವನೇ ಹೊಸ ತಪ್ಪಿತಸ್ಥ.

ರಾಜಿಯಾದ ಮೇಲೆ ನಾವು ಜೋಡಿ ಕಾವಲು ಶುರು ಮಾಡಿದೆವು. ಆಳು ಆರಿಸುವ ದಿನ ಎರಡೂ ಊರಿನ ಒಬ್ಬೊಬ್ಬರು ಜೊತೆಯಾಗಿ, ಹೀಗೆ ಆರು ಜೋಡಿ, ಗೇಟಿನಿಂದ ರಸ್ತೆಯವರೆಗೆ ನಿಲ್ಲುವುದು. ಗಾಳಿಮಾತು ಹುಟ್ಟಿದರೆ ಅಲ್ಲೇ ಕೇಳಿ ಅಲ್ಲೇ ತಣ್ಣಗೆ ಮಾಡುವುದು. ಎರಡು ಸಲ ಚೆನ್ನಾಗಿ ನಡೆಯಿತು. ಆದರೆ ನಿಂತವರಿಗೆ ಅಂದಿನ ಕೂಲಿ ಹೋಗುತ್ತದೆ. ಮೂರನೇ ಸಲಕ್ಕೆ ಮೂರೇ ಜೋಡಿ ಬಂದವು. ಈಗ ಹೊಸ ಘಟಕ ತೆರೆಯುತ್ತಿದ್ದಾರೆ, ಇನ್ನು ಹತ್ತು ದಿನಕ್ಕೆ ಮುನ್ನೂರು ಜನರನ್ನು ಆರಿಸುತ್ತಾರೆ ಎಂದು ಸುದ್ದಿ. ಕಾವಲು ನಿಂತವರಿಗೆ ಅಂದಿನ ಕೂಲಿ ಕೊಡಲು ಬೆಂಗಳೂರಿನ ಒಂದು ಟ್ರಸ್ಟಿಗೆ ಅರ್ಜಿ ಹಾಕಿದ್ದೆವು. ಗಲಾಟೆ ಆಗದಂತೆ ತಡೆಯುವ ಸಂಘಗಳಿಗೆ ಅವರು ಸಹಾಯಧನ ಕೊಡುತ್ತಾರಂತೆ.

ಅರ್ಜಿಯ ನಾಲ್ಕನೇ ಪ್ರಶ್ನೆ: 'ನಿಮ್ಮ ಪ್ರದೇಶದ ಸಂಘರ್ಷವನ್ನು ವಿವರಿಸಿ.' ಕಟ್ಟುಪಾಡಿಗೆ ತಕ್ಕಂತೆ ನಾನು ದುಂಡಗೆ ಬರೆದಿದ್ದೆ: 'ಯಾವ ಗಲಾಟೆಯೂ ಇಲ್ಲ, ಎಲ್ಲರೂ ಅನ್ಯೋನ್ಯವಾಗಿದ್ದೇವೆ.' ಅರ್ಜಿ ವಾಪಸ್ ಬಂತು. ಆ ಸಾಲಿನ ಕೆಳಗೆ ಸೀಸದಕಡ್ಡಿಯಲ್ಲಿ ಗೆರೆ, ಪಕ್ಕದಲ್ಲಿ 'ಹಾಗಾದರೆ ಯೋಜನೆ ಏಕೆ? ವಿವರಗಳೊಂದಿಗೆ ಕನಕಪುರದ ಸಭೆಗೆ ಬನ್ನಿ' ಎಂದಿತ್ತು. ಸಭೆ ನಾವು ಮಾಗಡಿ ಬಸ್ಸು ಹತ್ತಿದ ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ. ಅದಕ್ಕೆ ಮೊದಲು ಯಜಮಾನರನ್ನು ಕೇಳಲು ಹೊರಟಿದ್ದೆವು.

ಮಾಗಡಿಗೆ ಬಂದಾಗ ಎಂಟೂವರೆ. ನಿಲ್ದಾಣದ ಎದುರು ಇಡ್ಲಿ ತಿಂದೆವು. ತಿಪ್ಪಸಂದ್ರದ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಇಳಿದು ಹೊಲದ ದಾರಿಯಲ್ಲಿ ಎರಡು ಮೈಲಿ ನಡೆದೆವು. ರಾಗಿ ಪೈರು ಮೊಣಕಾಲುದ್ದ ಇತ್ತು. ಯಜಮಾನರು ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದರು.

"ಎರಡೂರೂ ಒಂದೇ ಬಸ್ಸಲ್ಲಿ ಬಂದವೆ ಅಂದ್ರೆ ಏನೋ ಕೆಟ್ಟೈತೆ. ಕೂತ್ಕಳಿ," ಎಂದರು.

ನಾನು ಅರ್ಜಿಯನ್ನು ಓದಿ ಹೇಳಿದೆ. ಅವರು ಹಗ್ಗ ಕೆಳಗಿಟ್ಟರು.

"ಇದೇನ್ಲಾ ಇದು, ಜಗಳ ಇಲ್ಲ ಅಂತ ಬರೆಯೋದೂ ತಪ್ಪಾ?"

"ತಪ್ಪಂತೆ ಯಜಮಾನ್ರೇ. ಜಗಳ ಇದ್ರೇನೇ ಶಾಂತಿಗೆ ದುಡ್ಡು ಕೊಡೋದಂತೆ," ಎಂದೆ.

"ಹಂಗಾರೆ ನಾನೇ ಒಸಿ ಅವಸರ ಮಾಡ್ಬುಟ್ಟೆ," ಎಂದು ನಕ್ಕರು. ಆಮೇಲೆ ಎದ್ದು ನಮ್ಮನ್ನು ಊಟಕ್ಕೆ ಕರೆದರು. ಮನೆಯವರು ಮುದ್ದೆ, ಉಪ್ಸಾರು ಬಡಿಸಿದರು. ನನಗೆ ಅರ್ಧ ಮುದ್ದೆಯೂ ಇಳಿಯಲಿಲ್ಲ. ಅವರು 'ಬರೆಯಬೇಡಿ' ಎಂದರೆ ಹಣ ಹೋಯಿತು. 'ಬರೆಯಿರಿ' ಎಂದರೆ ನನ್ನ ತಮ್ಮನ ಹೆಸರು ಕಾಗದಕ್ಕೆ ಬಂತು. ಅವನಿಗೆ ಎರಡು ಹೆಣ್ಣು ಮಕ್ಕಳು. ಎರಡರಲ್ಲಿ ಯಾವುದನ್ನು ಹೇಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಕೈ ತೊಳೆದ ಮೇಲೆ ಯಜಮಾನರು ಮಾತಾಡಿದರು. "ಆ ಕಟ್ಟು ಹಾಕಿದ್ದು ನಾನಲ್ಲ, ಎರಡೂರು ಸೇರಿ. ಅದನ್ನ ಬಿಚ್ಚೋ ಹಕ್ಕು ನಂಗಿಲ್ಲ. ಏಟು ತಿಂದೋನು ಒಬ್ಬ ಅವ್ನಲ್ಲ, ಮೊದ್ಲು ಅವನ್ನ ಕೇಳಿ. ಅವನು ಹೂಂ ಅಂದ್ರೆ ಬರೀರಿ. ಬರೆದ ಮೇಲೆ, ಹಿಂಗಿಂಗೆ ಬರೆದಿದ್ದೀವಿ ಅಂತ ಎರಡೂರಲ್ಲೂ ನೀವೇ ನಿಂತು ಹೇಳ್ಬೇಕು. ಕದ್ದು ಬರೆದದ್ದು ಆಮೇಲೆ ಗೊತ್ತಾಯ್ತೋ, ಎರಡನೇ ಕಲ್ಲು ನೀವೇ ಎಸೆದಂಗೆ."

ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಮ್ಮ ಮಾತಾಡಲಿಲ್ಲ. ಅವರು ಸುಮ್ಮನೆ ಕೂರುವ ಹೆಂಗಸಲ್ಲ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಕೇಳಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಹೀಗಿದ್ದಾರೆ ಎಂದುಕೊಂಡೆ. ಕಲ್ಲು ಯಾರದೆಂದು ಅವರಿಗೂ ಗೊತ್ತಿದ್ದೇ ಇರುತ್ತದೆ ಅಲ್ಲವೇ?

ಮಾರನೆಯ ಬೆಳಿಗ್ಗೆ ಚನ್ನಪಟ್ಟಣ. ಹನ್ನೆರಡು ಕಿಲೋಮೀಟರಿಗೆ ಅರ್ಧ ಗಂಟೆ. ಹೆದ್ದಾರಿ ಅಗಲ ಮಾಡಿದ ಮೇಲೆ ಲಾರಿ ಹೆಚ್ಚಾಗಿವೆ, ದಾರಿ ಮುಂಚಿಗಿಂತ ಬೇಗ ಸಾಗುವುದೇನಿಲ್ಲ. ಸಿದ್ದರಾಜು ಊರು ಬಿಟ್ಟು ಅಕ್ಕನ ಮನೆಯಲ್ಲಿದ್ದಾನೆ. ಬೊಂಬೆ ಮಾಡುವ ಒಂದು ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸ. ಒಳಗೆ ಅರಗಿನ ವಾಸನೆ. ಅವನು ಪುಟ್ಟ ರೈಲು ಡಬ್ಬಿಗಳನ್ನು ಹುಲ್ಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಡುತ್ತಿದ್ದ. ನನ್ನನ್ನು ನೋಡಲು ಕತ್ತನ್ನು ಪೂರ್ತಿ ತಿರುಗಿಸಬೇಕಾಯಿತು.

"ಓ, ಮೋಟರಣ್ಣ! ತಾಯಮ್ಮತ್ತಿಗೆನೂ ಬಂದವ್ಳೆ. ಏನು, ಹೆಣ್ಣು ಗಿಣ್ಣು ನೋಡಿದ್ದೀರಾ ನಂಗೆ?"

"ನಿಂಗ್ಯಾರೋ ಹೆಣ್ಣು ಕೊಡೋರು? ಅರ್ಧ ಮುಖ ನೋಡಿ ಒಪ್ಕಂಡ್ರೂ ಇನ್ನರ್ಧಕ್ಕೆ ಎದ್ದೋಯ್ತಾರೆ," ಎಂದರು ತಾಯಮ್ಮ. ಅವನು ಜೋರಾಗಿ ನಕ್ಕ. ನನಗೆ ನಗಲು ಆಗಲಿಲ್ಲ.

ವಿಷಯ ಹೇಳಿದೆ. ಅವನು ಡಬ್ಬಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನನ್ ಹೆಸರು ಬರ್ಕಳಿ. ಕಣ್ಣೋದದ್ದನ್ನ ಏನು ಮುಚ್ಚಿಡೋದು, ಊರಿಗೆಲ್ಲ ಕಾಣ್ತೈತೆ."

"ಎಸೆದೋನ ಹೆಸರು?" ಎಂದೆ.

"ಅದನ್ನ ನನ್ನ ಕೇಳಬ್ಯಾಡ. ನೀನು ಬರೆದ್ರೆ ಬ್ಯಾಡ ಅನ್ನಕಿಲ್ಲ. ನೀನು ಬುಟ್ರೆ ನಾನು ಹೇಳಕಿಲ್ಲ. ಪೆನ್ನು ನಿನ್ ಕೈಲೈತೆ."

ಅವನು ಒಂದು ಬೈಗುಳ ಬೈದಿದ್ದರೆ ಮೇಲಾಗಿತ್ತು. ನಾನು ಯಾರ ಹಂಗಿನಲ್ಲೂ ಬದುಕಿದವನಲ್ಲ. ಆ ಶೆಡ್ಡಿನಿಂದ ಹೊರಗೆ ಬರುವಾಗ ಅವನ ಹಂಗು ನನ್ನ ಹೆಗಲ ಮೇಲೆ ಕೂತಿತ್ತು.

ರಾಮನಗರಕ್ಕೆ ಬಂದು ಕನಕಪುರದ ಬಸ್ಸು ಹಿಡಿದಾಗ ಹನ್ನೊಂದೂವರೆ. ಬಸ್ಸು ತುಂಬಿತ್ತು, ಬಿಸಿಲು ಕಾಯುತ್ತಿತ್ತು. ದಾರಿಯುದ್ದಕ್ಕೂ ಬಂಡೆ ಸೀಳುವ ಜಾಗಗಳು, ಜಲ್ಲಿ ಲಾರಿಗಳು, ಧೂಳು. ಉತ್ತರವನ್ನು ಮನಸ್ಸಿನಲ್ಲಿ ಹತ್ತು ಸಲ ಬರೆದೆ. 'ಕಿಡಿಗೇಡಿಗಳು ಎಸೆದ ಕಲ್ಲು' ಎಂದು ಒಂದು ಸಲ. 'ಗುಂಪಿನಿಂದ ಬಂದ ಕಲ್ಲು' ಎಂದು ಇನ್ನೊಂದು ಸಲ. ಪತ್ರಿಕೆಯವರು ಹಾಗೆಯೇ ಬರೆಯುತ್ತಾರೆ. ತಾಯಮ್ಮ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದರು, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಕನಕಪುರದಲ್ಲಿ ಇಳಿದ ಮೇಲೆ ಊಟ ಬೇಡವೆಂದರು. ನಾನೊಬ್ಬನೇ ಅನ್ನ ಸಾಂಬಾರ್ ತಿಂದೆ.

ಸಭೆ ನಡೆದದ್ದು ಒಂದು ಕಲ್ಯಾಣ ಮಂಟಪದ ಮಹಡಿಯ ಕೋಣೆಯಲ್ಲಿ. ಹೊರಗಿನ ಬೆಂಚಿನ ಮೇಲೆ ಬೇರೆ ಸಂಘದವರು ಕಾಯುತ್ತಿದ್ದರು. ಅವರ ಕೈಯಲ್ಲಿ ಫೋಟೋ ಆಲ್ಬಮ್ಮು, ಪೇಪರ್ ಕಟಿಂಗು, ಬೈಂಡ್ ಮಾಡಿಸಿದ ವರದಿ. ನಮ್ಮ ಕೈಯಲ್ಲಿ ಆ ಕವರ್ ಒಂದೇ. ಒಬ್ಬರು ತಮ್ಮ ಆಲ್ಬಮ್ ತೆರೆದು ಸುಟ್ಟ ಅಂಗಡಿಯ ಚಿತ್ರ ತೋರಿಸಿದರು. "ನಿಮ್ಮದರಲ್ಲಿ ಏನಿದೆ?" ಎಂದು ಕೇಳಿದರು. ಏನೂ ಇಲ್ಲವೆನ್ನಲು ನನಗೆ ಮೊದಲ ಬಾರಿಗೆ ಕಸಿವಿಸಿಯಾಯಿತು.

ಮೂರೂವರೆಗೆ ಕರೆದರು. ಒಳಗಿದ್ದ ಮೇಡಂಗೆ ನನ್ನ ಮಗಳಷ್ಟೇ ವಯಸ್ಸು. ಕನ್ನಡದಲ್ಲೇ ಮಾತಾಡಿದರು, ಕೂರಿಸಿ ನೀರು ಕೊಟ್ಟರು. ನಾನು ಜೋಡಿ ಕಾವಲಿನ ಬಗ್ಗೆ ಹೇಳಿದಾಗ ಎರಡು ಪುಟ ಬರೆದುಕೊಂಡರು. ಸಿದ್ದರಾಜುವಿನ ಹೆಸರನ್ನೂ ಬರೆದುಕೊಂಡರು.

"ಇದು ತುಂಬಾ ಚೆನ್ನಾಗಿದೆ. ಆದರೆ ಇದು ಎರಡು ಗುಂಪಿನ ಜಗಳವಾ, ಅಥವಾ ಹೊರಗಿನವರು ಬಂದು ಮಾಡಿದ್ದಾ ಅಂತ ಸಮಿತಿಯವರು ಕೇಳ್ತಾರೆ. ಕಲ್ಲು ಎಸೆದವರು ಯಾರು ಅಂತ ಗೊತ್ತಾ?"

ಬಸ್ಸಿನಲ್ಲಿ ತಯಾರು ಮಾಡಿದ್ದ ಸಾಲುಗಳೆಲ್ಲ ಇದ್ದವು. ಅವನ್ನು ಹೇಳಲು ಬಾಯಿ ತೆರೆದೆ. ಪೆಟ್ಟಿಗೆಯೊಳಗೆ ಡಬ್ಬಿ ಜೋಡಿಸುತ್ತಿದ್ದ ಸಿದ್ದರಾಜುವಿನ ಕೈ ಕಣ್ಣ ಮುಂದೆ ಬಂತು.

"ಹೊರಗಿನೋರಲ್ಲ ಮೇಡಂ. ನನ್ನ ತಮ್ಮ," ಎಂದೆ. "ಕುಮಾರ ಅಂತ."

ಮೇಡಂ ಪೆನ್ನು ಎತ್ತಿದವರು ಹಾಗೇ ತಡೆದರು. ನಾನು ತಾಯಮ್ಮನವರ ಕಡೆ ನೋಡಲಿಲ್ಲ. ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ ಕಡೆದೂ ಬರ್ಕಳವ್ವ," ಎಂದರು. "ಅವರೂರ ಕುಡಿಯೋ ನೀರಿನ ಬೋರಿಗೆ ಕಲ್ಲು ತುಂಬಿದ್ದು ನನ್ ಮಗ. ಯಾವ ಪಂಚಾಯ್ತಿಲೂ ನಾನು ಇದನ್ನ ಹೇಳಿಲ್ಲ."

ಆ ಬೋರನ್ನು ನಾನೇ ಮೂರು ದಿನ ಎಳೆದಿದ್ದೆ. ಮೋಟರ್ ಅರ್ಧದಲ್ಲಿ ಸಿಕ್ಕಿಕೊಂಡು, ಸರಪಳಿ ಹರಿದು, ನನ್ನ ಬಲಗೈಯ ಎರಡು ಬೆರಳ ಉಗುರು ಹೋಗಿದ್ದವು. ಕಡೆಗೂ ಮೋಟರ್ ಬರಲಿಲ್ಲ, ಬೋರು ಸತ್ತಿತು. ಆ ಬೇಸಿಗೆಯಲ್ಲಿ ನಮ್ಮ ಹೆಂಗಸರು ಒಂದು ಮೈಲಿ ದೂರದಿಂದ ನೀರು ಹೊತ್ತರು. ಒಳಗಿನ ಮಣ್ಣು ಕುಸಿದಿದೆ ಎಂದು ಊರಿಗೆಲ್ಲ ಹೇಳಿದವನು ನಾನೇ. ನನ್ನ ಕೆಲಸದ ಮಾತನ್ನು ಎಲ್ಲರೂ ನಂಬಿದ್ದರು.

"ಮೂರು ಸಲ ನನ್ ಜೊತೆ ಗೇಟಲ್ಲಿ ನಿಂತಿದ್ಯಲ್ಲಕ್ಕ," ಎಂದೆ.

"ನೀನೂ ನನ್ ಜೊತೆ ನಿಂತಿದ್ದೆ ಕಣಣ್ಣ."

ನಾನು ಅರ್ಜಿಯನ್ನು ಮೇಡಂ ಕಡೆ ಸರಿಸಿದೆ.

ಮೇಡಂ ಮೆಲ್ಲಗೆ ಕೇಳಿದರು: "ಇದನ್ನ ಬರೆದರೆ ನಿಮಗೆ ಊರಲ್ಲಿ ತೊಂದರೆ ಆಗಲ್ವಾ?"

"ಆಯ್ತದೆ. ಬರೀದೆ ಹೋದ್ರೂ ಒಂದಲ್ಲ ಒಂದಿನ ಆಯ್ತದೆ. ಬರೀರಿ," ಎಂದರು ತಾಯಮ್ಮ. ನಾನೂ ತಲೆಯಾಡಿಸಿದೆ. ಮೇಡಂ ನಮ್ಮಿಬ್ಬರ ಮುಂದೆಯೇ ಬರೆದರು. ನಾನು ಸಹಿ ಹಾಕಿದೆ, ತಾಯಮ್ಮನೂ ನಿಧಾನವಾಗಿ ಅಕ್ಷರ ಜೋಡಿಸಿ ಸಹಿ ಹಾಕಿದರು.

ಹಣದ ಬಗ್ಗೆ ಮೇಡಂ ಮಾತು ಕೊಡಲಿಲ್ಲ. ಸಮಿತಿ ಕೂಡಬೇಕು, ತಿಂಗಳಾಗಬಹುದು, ಪತ್ರ ಬರುತ್ತದೆ ಎಂದರು.

"ಅಷ್ಟೊತ್ತಿಗೆ ಆಳು ಆರಿಸಿ ಮುಗಿದಿರ್ತದೆ ಮೇಡಂ," ಎಂದೆ. ಅವರು ತಲೆ ತಗ್ಗಿಸಿದರು. ಅದು ಅವರ ಕೈಯಲ್ಲಿರಲಿಲ್ಲ ಎಂದು ನನಗೂ ಕಂಡಿತು.

ಹಾರೋಹಳ್ಳಿ ಮೇಲೆ ಬಿಡದಿಗೆ ಹೋಗುವ ಬಸ್ಸು ಸಿಕ್ಕಿತು. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಅವರ ಮಗನ ಹೆಸರು ನನ್ನ ಊರಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನೀರು ಹೊತ್ತ ಹೆಂಗಸರೇ ಮೊದಲು ಏಳುತ್ತಾರೆ. ನನ್ನ ತಮ್ಮನ ಹೆಸರು ಅವರ ಊರಿಗೆ ಹೋದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಹತ್ತು ದಿನಕ್ಕೆ ಗೇಟು ತೆರೆಯುತ್ತದೆ. ಹೇಳದೆ ಸುಮ್ಮನಿದ್ದುಬಿಡೋಣವೇ ಎಂದು ಎದ್ದು ಹೋಗಿ ಕೇಳಬೇಕೆನಿಸಿತು. ಹಾರೋಹಳ್ಳಿ ದಾಟುವವರೆಗೂ ಆ ಮಾತು ನಾಲಿಗೆಯ ತುದಿಯಲ್ಲಿತ್ತು.

ಬಿಡದಿಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಪಾಳಿ ಮುಗಿದು ಕಾರ್ಖಾನೆಯ ಬಸ್ಸುಗಳು ಸಾಲಾಗಿ ಹೊರಟಿದ್ದವು. ಆಟೋದಲ್ಲಿ ಊರ ದಾರಿ ಕವಲೊಡೆಯುವ ತನಕ ಬಂದೆವು.

"ನಿನ್ ಮಾತನ್ನ ನಮ್ಮೂರಲ್ಲಿ ನಾನು ಹೇಳ್ತೀನಿ. ನನ್ ಮಾತನ್ನ ನಿಮ್ಮೂರಲ್ಲಿ ನೀನು ಹೇಳು. ಹಂಗಾದ್ರೆ ಏಟು ಬೀಳಕಿಲ್ಲ," ಎಂದರು ತಾಯಮ್ಮ.

ಬುದ್ಧಿವಂತಿಕೆಯ ಮಾತೇ. ಆದರೆ ನನ್ನ ತಮ್ಮನ ತಪ್ಪನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಿ ನಾನು ಮನೆಯಲ್ಲಿ ಕೂರುವುದೇ?

"ಬ್ಯಾಡ ಕಣಕ್ಕ. ನಮ್ದು ನಾನೇ ಹೇಳ್ತೀನಿ. ನಡಿ, ಮೊದ್ಲು ನಿಮ್ಮೂರಿಗೆ."

ಅವರು ನನ್ನ ಮುಖವನ್ನೇ ನೋಡಿದರು. "ನಾಳೆ ನಿಮ್ಮೂರಿಗೆ ನಾನು ಬತ್ತೀನಿ," ಎಂದು ಎಡಗಡೆಯ ದಾರಿ ಹಿಡಿದರು.

ಕೆಳಗಿನ ಊರಿಗೆ ನಾನು ಸರಪಳಿ, ಪೈಪು, ಸ್ಪ್ಯಾನರ್ ಇಲ್ಲದೆ ಹೋದದ್ದು ಅದೇ ಮೊದಲು. ಕೈ ಬೀಸಿಕೊಂಡು ನಡೆಯುವುದು ಹೇಗೆಂದೇ ತಿಳಿಯಲಿಲ್ಲ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ನಮ್ಮಿಬ್ಬರನ್ನೂ ಕಂಡು ಮಾತು ನಿಲ್ಲಿಸಿದರು.

"ಏನಕ್ಕ, ದುಡ್ಡು ಬತ್ತದಂತಾ?" ಎಂದು ಒಬ್ಬ ಕೇಳಿದ.

"ಅದು ಆಮೇಲೆ. ಒಸಿ ಸರ್ಕಳ್ರೋ, ಮೋಟರಣ್ಣ ಕೂತ್ಕತಾನೆ," ಎಂದರು ತಾಯಮ್ಮ.

ಸರಿದು ಜಾಗ ಬಿಟ್ಟರು. ನಾನು ಕೂರಲಿಲ್ಲ. ನಿಂತೇ ಹೇಳಬೇಕಾದ ಮಾತು ಅದು. ಸಿದ್ದರಾಜುವಿನ ಅಪ್ಪ ಎದುರಿಗೇ ಇದ್ದರು. ಅವರ ಮುಖ ನೋಡಿಕೊಂಡು ಶುರು ಮಾಡಿದೆ.