ಗುಡ್ಡದ ಬಿಳಿ ಬಂಡೆ ಮತ್ತು ಗಂಗವ್ವನ ಬಾವಿ

ಕೆಲವು ವರ್ಷಗಳ ಹಿಂದೆ, ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುವಾಗ ನಾನು ಗುತ್ತಿಗೆದಾರರ ಕಡೆಯ ಸರ್ವೇಯರ್ ಆಗಿದ್ದೆ. ಎರೆಹೊಲ ಮುಗಿಯುವಲ್ಲಿ ಗಜೇಂದ್ರಗಡದ ಗುಡ್ಡಸಾಲು ಗೋಡೆ ಕಟ್ಟಿದ ಹಾಗೆ ದಿಢೀರನೆ ಎದ್ದು ನಿಲ್ಲುತ್ತದೆ. ಎಂಥ ಚೆಲುವು! ಬಸ್ಸಿನವರು ಅದರೆದುರೇ ತೂಕಡಿಸುತ್ತ ಹೋಗಿಬಿಡುತ್ತಾರೆ. ನನಗೆ ಮಾತ್ರ ಆ ಗುಡ್ಡ ನೋಡದೆ ಕೆಲಸವೇ ಶುರುವಾಗುತ್ತಿರಲಿಲ್ಲ.

ಕಾರಣ, ಅದರ ನೆತ್ತಿಯ ಮೇಲಿನ ಒಂದು ಬಿಳಿ ಬಂಡೆ. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರವನ್ನು ದಿನಾ ಮೊದಲು ಒಂದು ಸ್ಥಿರ ಗುರುತಿಗೆ ಹಿಡಿದು ದಿಕ್ಕು ಹೊಂದಿಸಬೇಕು. ನಾನು ಆ ಬಂಡೆಗೇ ಹಿಡಿಯುತ್ತಿದ್ದೆ. ಆಮೇಲೆ ಇನ್ನೊಂದು ಗುರುತಿನಿಂದ ತಾಳೆ ನೋಡುವುದು ನಿಯಮ. ದೀಪಾವಳಿ ರಜೆ ಮುಗಿಸಿ ನರಗುಂದದ ಮನೆಯಿಂದ ಬಂದ ದಿನ, ಹೋಳಿಗೆಯ ಜಡ ಇನ್ನೂ ಇಳಿದಿರಲಿಲ್ಲ ನೋಡಿ, ತಾಳೆ ನೋಡುವುದನ್ನು ಬಿಟ್ಟೆ. ಸರಸರನೆ ಹೊಸ ರಸ್ತೆಯ ಅಂಚು ತೋರಿಸುವ ಗೂಟ ಹೊಡೆಸಿದೆ.

ಗೂಟದ ಸಾಲು ನೇರ ರಸ್ತೆ ಪಕ್ಕದ ಹೊಲದ ಗಂಗವ್ವನ ಬಾವಿಗೇ ಹೋಗಿತ್ತು. ಅವಳ ಉಳ್ಳಾಗಡ್ಡಿ ಹೊಲಕ್ಕೆ ಅದೊಂದೇ ನೀರು. ಮರುದಿನ ಜೆಸಿಬಿ ಆ ಗೂಟ ಹಿಡಿದೇ ನೆಲ ಅಗೆಯುವುದಿತ್ತು.

“ಹಬ್ಬಕ್ಕಿಂತ ಮೊದಲ ರಸ್ತಾ ಬಾವಿ ಬಿಟ್ಟು ಹೊಂಟಿತ್ತು. ಈಗ ಬಾವ್ಯಾಗ ಹಾರ್ಕೊಳ್ಳಾಕ ಹೊಂಟೈತಲ್ರಿ ಸಾಹೇಬ್ರ!” ಎಂದು ಗಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಯಂತ್ರ ಸುಳ್ಳು ಹೇಳಂಗಿಲ್ಲ ಯವ್ವಾ,” ಎಂದು ಗತ್ತಿನಿಂದ ಬಿಳಿ ಬಂಡೆ ತೋರಿಸಿದೆ.

ಅವಳಿಗೆ ನಗು ತಡೆಯಲಿಲ್ಲ. “ಅಯ್ಯ ಶಿವನ! ಅದು ಮೊದಲಿನ ಕಲ್ಲಲ್ರಿ!”

ಗುಡ್ಡದ ಮೇಲೆ ಅವಳ ತಮ್ಮನ ಕುರಿಹಟ್ಟಿ. ಬುತ್ತಿ ಒಯ್ಯುವವರಿಗೆ ಹಟ್ಟಿ ಎಲ್ಲಿದೆಯೆಂದು ಕೆಳಗಿನಿಂದಲೇ ಕಾಣಲಿ ಅಂತ ಹತ್ತಿರದ ಬಂಡೆಗೆ ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತಾರೆ. ಈ ಸಲ ಹಟ್ಟಿ ಬೇರೆ ಕಡೆ ಹೋಗಿತ್ತು. ಹಾಗಾಗಿ ಹಳೆಯ ಬಂಡೆಗೆ ಕೆಮ್ಮಣ್ಣು, ಹೊಸದಕ್ಕೆ ಸುಣ್ಣ!

ಯಂತ್ರದ ಕಡೆ ಓಡಿದೆ. ಎರಡನೇ ಗುರುತಿಗೆ ಹಿಡಿದು ನೋಡಿದರೆ ಅವಳ ಮಾತು ಖರೆ. “ತಪ್ಪು ನಂದರಿ,” ಎಂದು ಎಂಜಿನಿಯರರಿಗೆ ಫೋನ್ ಮಾಡಿ ಮನಸಾರೆ ಬೈಸಿಕೊಂಡೆ. ಸಂಜೆಯೊಳಗೆ ಗೂಟಗಳನ್ನೆಲ್ಲ ಕಿತ್ತು ಬಾವಿ ಬಿಟ್ಟು ಆಚೆ ಹೊಡೆಸಿದೆ. ಗಂಗವ್ವ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಕೊಟ್ಟಳು. ಆ ರುಚಿ, ಆ ನಿರಾಳ ಇವತ್ತಿಗೂ ನೆನಪಿದೆ.

ಅಂದಿನಿಂದ ಯಾವ ಊರಿಗೆ ಹೋದರೂ, ಒಂದು ಗುರುತನ್ನು ನಂಬುವ ಮೊದಲು ಅದನ್ನು ಯಾರು, ಯಾತಕ್ಕೆ ಇಟ್ಟಿದ್ದಾರೆ ಅಂತ ಊರವರನ್ನು ಕೇಳುತ್ತೇನೆ. ಹೋದ ತಿಂಗಳು ಆ ಹೆದ್ದಾರಿಯಲ್ಲಿ ಹೋಗುವಾಗ ಗಂಗವ್ವನ ಹೊಲದ ಹತ್ತಿರ ಬೈಕ್ ನಿಲ್ಲಿಸಿದೆ. ದೂರದಿಂದಲೇ ಗುರುತು ಹಿಡಿದು ಕೂಗಿದಳು:

“ಬರ್ರಿ ಸಾಹೇಬ್ರ, ಗಾಬರಿ ಆಗಬ್ಯಾಡ್ರಿ! ಬಾವಿ ಇದ್ದಲ್ಲೇ ಐತಿ. ಕಲ್ಲಷ್ಟ ಮತ್ತ ಬದಲಿ ಆಗೇತಿ!”